ಸಿಬ್ಬಂದಿ ಮೀಟಿಂಗ್ ಚೆನ್ನಾಗಿ ನಡೆಸುವುದು ಹೇಗೆ? ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಹಲವು ವರ್ಷ ಬೇರೆಯವರು ಕರೆದ ಮೀಟಿಂಗ್‌ಗಳಲ್ಲಿ ಕೂತಿದ್ದೇನೆ. ಆಮೇಲೆ ಹಲವು ವರ್ಷ ನಾನೇ ಕರೆದಿದ್ದೇನೆ. ಮೀಟಿಂಗ್ ಅಂದ ತಕ್ಷಣ ಜನರ ಮುಖ ಬಾಡುವುದನ್ನು ಎರಡೂ ಕಡೆಯಿಂದ ನೋಡಿದ್ದೇನೆ. ಹೊಸದಾಗಿ ಒಂದು ತಂಡದ ಜವಾಬ್ದಾರಿ ಹೊತ್ತವರು ನನ್ನನ್ನು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇನೆ. ಉತ್ತರಗಳು ಬೇರೆ ಬೇರೆ, ಆದರೆ ಎಲ್ಲದರ ಬೇರು ಒಂದೇ: ಉತ್ತರ ಬೇಕಾಗಿರುವ ಒಂದು ಪ್ರಶ್ನೆ ಕೈಯಲ್ಲಿ ಇಲ್ಲದಿದ್ದರೆ ಮೀಟಿಂಗ್ ಕರೆಯಬೇಡಿ.

ಮೀಟಿಂಗ್ ಯಾವಾಗ ಕರೆಯಬೇಕು, ಯಾವಾಗ ಕರೆಯಬಾರದು?

ಕರೆಯುವ ಮೊದಲು ಒಂದು ಸಾಲು ಬರೆಯಿರಿ: "ಈ ಮೀಟಿಂಗ್ ಮುಗಿದಾಗ ನಮಗೆ ಇಂಥ ಪ್ರಶ್ನೆಗೆ ಉತ್ತರ ಸಿಕ್ಕಿರುತ್ತದೆ." ಈ ಸಾಲು ತುಂಬಲು ಆಗದಿದ್ದರೆ ನಿಮಗೆ ಬೇಕಾಗಿರುವುದು ಮೀಟಿಂಗ್ ಅಲ್ಲ. ಬಹುಶಃ ಒಂದು ಇಮೇಲ್ ಸಾಕು, ಇಲ್ಲ ಇಬ್ಬರು ಐದು ನಿಮಿಷ ಫೋನಿನಲ್ಲಿ ಮಾತಾಡಿದರೆ ಸಾಕು.

ಮೂರು ಸಂದರ್ಭಗಳಲ್ಲಿ ಎಲ್ಲರೂ ಒಟ್ಟಿಗೆ ಕೂರಲೇಬೇಕು ಅಂತ ನನಗೆ ಅನ್ನಿಸುತ್ತದೆ. ಒಂದು ವಿಷಯದ ಬಗ್ಗೆ ನಿಜವಾಗಿಯೂ ಬೇರೆ ಬೇರೆ ಅಭಿಪ್ರಾಯ ಇದ್ದು, ತೀರ್ಮಾನ ಆಗಬೇಕಾಗಿರುವಾಗ. ಒಂದು ಸಮಸ್ಯೆಯ ತುಂಡುಗಳು ಬೇರೆ ಬೇರೆಯವರ ತಲೆಯಲ್ಲಿ ಇರುವಾಗ. ಮತ್ತೆ, ಮನಸ್ಸಿಗೆ ನೋವಾಗುವ ಸುದ್ದಿ ಹೇಳಬೇಕಾದಾಗ. ಈ ಮೂರನೆಯದನ್ನು ದಯವಿಟ್ಟು ಇಮೇಲ್‌ನಲ್ಲಿ ಮುಗಿಸಬೇಡಿ. ಎದುರಿಗೆ ಕೂತು ಹೇಳಿ, ಪ್ರಶ್ನೆ ಕೇಳಲು ಸಮಯ ಕೊಡಿ.

"ಎಲ್ಲರಿಗೂ ಒಂದು ಅಪ್‌ಡೇಟ್ ಕೊಡೋಣ" ಅನ್ನುವುದು ಮೀಟಿಂಗ್ ಕರೆಯಲು ಕಾರಣವಲ್ಲ. ಓದಿ ತಿಳಿದುಕೊಳ್ಳಬಹುದಾದ್ದನ್ನು ಕೂತು ಕೇಳುವಂತೆ ಮಾಡಿದರೆ ಜನರ ಸಮಯ ಹೋಗುತ್ತದೆ. ಅದರ ಲೆಕ್ಕ ಹಾಕಿ ನೋಡಿ. 12 ಜನ ಒಂದು ಗಂಟೆ ಕೂತರೆ 12 ಗಂಟೆ, ಅಂದರೆ ಒಬ್ಬರ ಒಂದೂವರೆ ದಿನದ ಕೆಲಸ. ವಾರಕ್ಕೊಮ್ಮೆ ಹೀಗೆ ಕೂತರೆ 50 ವಾರಕ್ಕೆ 600 ಗಂಟೆ. ವಾರಕ್ಕೆ 40 ಗಂಟೆ ಕೆಲಸ ಮಾಡುವ ಒಬ್ಬರ 15 ವಾರ ಅಷ್ಟೂ ಅದಕ್ಕೇ ಹೋಯಿತು. ಆ 15 ವಾರಕ್ಕೆ ತಕ್ಕ ಫಲ ಸಿಗುತ್ತಿದೆಯಾ ಅಂತ ವರ್ಷಕ್ಕೊಮ್ಮೆಯಾದರೂ ಕೇಳಿಕೊಳ್ಳಬೇಕು.

ಅಜೆಂಡಾ ಬರೆಯುವುದು ಹೇಗೆ?

ವಿಷಯಗಳ ಹೆಸರು ಬರೆಯಬೇಡಿ, ಪ್ರಶ್ನೆ ಬರೆಯಿರಿ. ಇದೊಂದನ್ನು ಬದಲಾಯಿಸಿಕೊಂಡರೂ ವ್ಯತ್ಯಾಸ ಕಣ್ಣಿಗೆ ಕಾಣುತ್ತದೆ.

"ಶಿಫ್ಟ್ ವಿಚಾರ" ಅಂತ ಬರೆದರೆ ಜನ ಖಾಲಿ ತಲೆಯಲ್ಲಿ ಬರುತ್ತಾರೆ. ಬಂದ ಮೇಲೆ ಶಿಫ್ಟ್ ಬಗ್ಗೆ ಯಾರಿಗೆ ಏನು ತೋಚುತ್ತದೋ ಅದನ್ನು ಹೇಳುತ್ತಾರೆ. ಅದರ ಬದಲು ಹೀಗೆ ಬರೆದು ನೋಡಿ: "ಮುಂದಿನ ತಿಂಗಳಿಂದ ಸಂಜೆ ಶಿಫ್ಟ್ ಆರಕ್ಕೆ ಬದಲು ಐದಕ್ಕೇ ಶುರು ಮಾಡಬಹುದಾ? ಯಾರ ಕೆಲಸಕ್ಕೆ ಅಡ್ಡಿ ಆಗುತ್ತದೆ?" ಈಗ ಓದಿದವರು ಮನೆಯಲ್ಲೇ ಯೋಚಿಸಲು ಶುರು ಮಾಡುತ್ತಾರೆ. "ಐದಕ್ಕೆ ನನ್ನ ಮೆಷಿನ್ ಇನ್ನೂ ಬೆಳಗಿನ ಶಿಫ್ಟ್‌ನವರ ಕೈಯಲ್ಲಿ ಇರುತ್ತಲ್ಲ" ಅಂತ ಒಬ್ಬರಿಗೆ ಹೊಳೆಯುತ್ತದೆ. ಅರ್ಧ ಕೆಲಸ ಅಲ್ಲೇ ಆಯಿತು.

ಪ್ರತಿ ಪ್ರಶ್ನೆಯ ಪಕ್ಕ ಇನ್ನೂ ಮೂರು ಸಂಗತಿ ಇರಲಿ. ಅದನ್ನು ಯಾರು ಮುಂದಿಡುತ್ತಾರೆ, ಎಷ್ಟು ನಿಮಿಷ, ಮತ್ತು ಕೊನೆಗೆ ಬೇಕಾಗಿರುವುದು ತೀರ್ಮಾನವೋ ಬರೀ ಅಭಿಪ್ರಾಯವೋ. ಕೊನೆಯದನ್ನು ಬಹಳ ಜನ ಬಿಟ್ಟುಬಿಡುತ್ತಾರೆ. ಬಾಸ್ ಸುಮ್ನೆ ಅಭಿಪ್ರಾಯ ಕೇಳುತ್ತಿದ್ದಾರೆ, ಸಿಬ್ಬಂದಿ ತಾವೇ ತೀರ್ಮಾನ ಮಾಡುತ್ತಿದ್ದೇವೆ ಅಂದುಕೊಂಡಿದ್ದಾರೆ. ಮೀಟಿಂಗ್ ಮುಗಿದ ಮೇಲೆ ಬರುವ ಬೇಜಾರುಗಳಲ್ಲಿ ಎಷ್ಟೋ ಇಲ್ಲಿಂದಲೇ ಹುಟ್ಟುವುದು.

ಓದಿಕೊಂಡು ಬರಬೇಕಾದ ಕಾಗದ ಇದ್ದರೆ ಕಡಿಮೆ ಅಂದರೂ ಒಂದು ದಿನ ಮುಂಚೆ ಕಳಿಸಿ. ಹಿಂದಿನ ರಾತ್ರಿ ಹನ್ನೊಂದಕ್ಕೆ ಕಳಿಸಿದ್ದು ಕಳಿಸಿದ ಹಾಗಲ್ಲ.

ಯಾವ ವಿಷಯ ಮೊದಲು ತೆಗೆದುಕೊಳ್ಳಬೇಕು?

ಕಷ್ಟದ್ದು ಮೊದಲು. "ಸಣ್ಣಪುಟ್ಟದ್ದು ಮುಗಿಸಿಬಿಡೋಣ, ಆಮೇಲೆ ದೊಡ್ಡದಕ್ಕೆ ಬರೋಣ" ಅಂತ ಶುರುವಾದ ಎಷ್ಟು ಮೀಟಿಂಗ್‌ಗಳಲ್ಲಿ ದೊಡ್ಡದಕ್ಕೆ ಬರಲೇ ಇಲ್ಲ ಅಂತ ನೆನಪಿಸಿಕೊಳ್ಳಿ.

ಸಿರಿಲ್ ನಾರ್ತ್‌ಕೋಟ್ ಪಾರ್ಕಿನ್‌ಸನ್ ಎಂಬ ಬ್ರಿಟಿಷ್ ಇತಿಹಾಸಕಾರ 1957ರಲ್ಲೇ ಇದನ್ನು ಒಂದು ಉದಾಹರಣೆ ಕೊಟ್ಟು ಹೇಳಿದ್ದ. ಒಂದು ಸಮಿತಿಯ ಮುಂದೆ ಅಣು ರಿಯಾಕ್ಟರ್ ಕಟ್ಟುವ ಪ್ರಸ್ತಾಪ ಬರುತ್ತದೆ. ಅದು ಯಾರಿಗೂ ಸರಿಯಾಗಿ ಅರ್ಥವಾಗುವುದಿಲ್ಲ, ಕೆಲವೇ ನಿಮಿಷದಲ್ಲಿ ಒಪ್ಪಿಗೆ ಸಿಗುತ್ತದೆ. ಆಮೇಲೆ ನೌಕರರ ಸೈಕಲ್ ನಿಲ್ಲಿಸುವ ಶೆಡ್‌ನ ವಿಷಯ ಬರುತ್ತದೆ. ಸೈಕಲ್ ಶೆಡ್ ಎಲ್ಲರಿಗೂ ಗೊತ್ತು. ಹಾಗಾಗಿ ಮಾತು ಮುಗಿಯುವುದೇ ಇಲ್ಲ. ವಿಷಯ ಎಷ್ಟು ಸಣ್ಣದೋ ಅದರ ಮೇಲೆ ಅಷ್ಟು ಜಾಸ್ತಿ ಹೊತ್ತು ಹೋಗುತ್ತದೆ ಅನ್ನುವುದು ಅವನ ಮಾತು. ನನ್ನ ಮೀಟಿಂಗ್‌ಗಳಲ್ಲೂ ಇದೇ ನಡೆದಿದೆ. ಹೊಸ ಸಾಫ್ಟ್‌ವೇರ್‌ಗೆ ಹತ್ತು ನಿಮಿಷ, ನೋಟಿಸ್ ಬೋರ್ಡ್ ಎಲ್ಲಿ ಹಾಕಬೇಕು ಅನ್ನುವುದಕ್ಕೆ ನಲವತ್ತು ನಿಮಿಷ.

ಆದ್ದರಿಂದ ಸಣ್ಣ ವಿಷಯವನ್ನು ಮೀಟಿಂಗ್‌ಗೆ ತರಲೇಬೇಡಿ. ಒಬ್ಬರಿಗೆ ವಹಿಸಿ, "ನೀವು ಹೇಗೆ ಮಾಡಿದರೂ ಸರಿ" ಅಂತ ಹೇಳಿಬಿಡಿ.

ಎಷ್ಟು ಜನರನ್ನು ಕರೆಯಬೇಕು?

ತೀರ್ಮಾನ ಮಾಡುವ ಮೀಟಿಂಗ್ ಆದರೆ ಐದರಿಂದ ಏಳು ಜನ. ಎಂಟು ದಾಟಿದರೆ ನನಗೆ ಆತಂಕ ಶುರುವಾಗುತ್ತದೆ.

ಇದಕ್ಕೆ ಒಂದು ಸರಳ ಲೆಕ್ಕ ಇದೆ. 5 ಜನ ಇದ್ದರೆ ಅವರ ನಡುವೆ ಇಬ್ಬಿಬ್ಬರ ಜೋಡಿ 10. ಜನ 10 ಆದರೆ ಜೋಡಿ 45. 15 ಆದರೆ 105. ಜನ ಮೂರು ಪಟ್ಟು ಆದಾಗ, ಒಬ್ಬರನ್ನೊಬ್ಬರು ಅರ್ಥ ಮಾಡಿಕೊಳ್ಳುವ ಕೆಲಸ ಹತ್ತು ಪಟ್ಟಿಗಿಂತ ಜಾಸ್ತಿ ಆಯಿತು.

ಇನ್ನೊಂದು ತೊಂದರೆಯನ್ನು ಫ್ರಾನ್ಸಿನ ಕೃಷಿ ಎಂಜಿನಿಯರ್ ಮ್ಯಾಕ್ಸ್ ರಿಂಗಲ್‌ಮನ್ ಅಳೆದು ತೋರಿಸಿದ. ಜನರಿಂದ ಹಗ್ಗ ಎಳೆಸಿ ಅವನು ಮಾಡಿದ ಪ್ರಯೋಗಗಳ ಫಲಿತಾಂಶ ಪ್ರಕಟವಾದದ್ದು 1913ರಲ್ಲಿ. ಜನ ಹೆಚ್ಚಿದಂತೆ ಒಬ್ಬೊಬ್ಬರ ಪಾಲಿನ ಬಲ ಕಡಿಮೆ ಆಗುತ್ತಾ ಹೋಯಿತು. ಒಟ್ಟಿಗೆ ಸರಿಯಾಗಿ ಎಳೆಯಲು ಆಗದಿರುವುದು ಒಂದು ಕಾರಣ, "ಬೇರೆಯವರು ಎಳೀತಾರೆ ಬಿಡು" ಅನ್ನುವ ಭಾವನೆ ಇನ್ನೊಂದು. ಮೀಟಿಂಗ್ ರೂಮಿನಲ್ಲೂ ಇದೇ ಕತೆ. ಹದಿನೈದು ಜನ ಇದ್ದಾಗ ಕಾಗದ ಓದಿಕೊಂಡು ಬರುವುದು ಯಾರೋ ಒಬ್ಬರ ಕೆಲಸ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ.

ಕರೆಯದೆ ಬಿಟ್ಟವರಿಗೆ ಬೇಸರ ಆಗುತ್ತದೆ ಅನ್ನುವ ಚಿಂತೆ ಬೇಡ. "ನಿಮ್ಮನ್ನು ಕೂರಿಸಿ ಸಮಯ ತೆಗೆದುಕೊಳ್ಳಲ್ಲ, ತೀರ್ಮಾನ ಏನಾಯ್ತು ಅಂತ ಅವತ್ತೇ ಬರೆದು ಕಳಿಸ್ತೀನಿ" ಅಂತ ಮೊದಲೇ ಹೇಳಿ. ಹೇಳಿದ ಹಾಗೆ ಕಳಿಸಿ. ಎರಡು ಸಲ ಹೀಗೆ ಮಾಡಿದರೆ ಬಹಳ ಜನ ತಾವಾಗಿಯೇ "ನನ್ನನ್ನು ಬಿಟ್ಟುಬಿಡಿ" ಅನ್ನುತ್ತಾರೆ.

ಎಷ್ಟು ಹೊತ್ತು ಇರಬೇಕು?

ಕ್ಯಾಲೆಂಡರ್ ಆಪ್ ಒಂದು ಗಂಟೆಯ ಚೌಕ ತೋರಿಸುತ್ತದೆ, ನಾವು ಅದನ್ನು ತುಂಬುತ್ತೇವೆ. 30 ನಿಮಿಷದ್ದನ್ನು 25ಕ್ಕೆ, 60 ನಿಮಿಷದ್ದನ್ನು 50ಕ್ಕೆ ಇಳಿಸಿ. ಸಾಲಾಗಿ ಮೀಟಿಂಗ್ ಇರುವವರಿಗೆ ನೀರು ಕುಡಿಯಲು, ಹಿಂದಿನದನ್ನು ಬರೆದಿಟ್ಟುಕೊಳ್ಳಲು ಆ ಐದು-ಹತ್ತು ನಿಮಿಷ ಬೇಕು.

ದಿನದ ಕೆಲಸ ಹಂಚಿಕೊಳ್ಳುವ ಪುಟ್ಟ ಮೀಟಿಂಗ್ ಆದರೆ ನಿಂತುಕೊಂಡೇ ಮಾಡಿ. ಸಾಫ್ಟ್‌ವೇರ್ ತಂಡಗಳ ಸ್ಕ್ರಮ್ ಪದ್ಧತಿಯಲ್ಲಿ ಇದಕ್ಕೆ 15 ನಿಮಿಷದ ಮಿತಿ ಇದೆ. 1999ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಕೂತು ಮಾಡಿದ ಮೀಟಿಂಗ್‌ಗಳು ನಿಂತು ಮಾಡಿದವಕ್ಕಿಂತ 34% ಹೆಚ್ಚು ಹೊತ್ತು ನಡೆದಿದ್ದವು. ತೀರ್ಮಾನದ ಗುಣಮಟ್ಟದಲ್ಲಿ ಮಾತ್ರ ವ್ಯತ್ಯಾಸ ಇರಲಿಲ್ಲ. ನಿಲ್ಲಲು ಕಷ್ಟ ಆಗುವವರು ತಂಡದಲ್ಲಿದ್ದರೆ ಎಲ್ಲರೂ ಕೂತುಕೊಳ್ಳಿ, ಸಮಯದ ಮಿತಿ ಮಾತ್ರ ಹಾಗೇ ಇರಲಿ.

ಕೆಲಸ ಬೇಗ ಮುಗಿದರೆ ಬೇಗ ಎದ್ದುಬಿಡಿ. ಉಳಿದ ನಿಮಿಷ ತುಂಬಲು "ಮತ್ತೆ ಇನ್ನೇನಾದ್ರೂ ಇದೆಯಾ?" ಅಂತ ಕೇಳುವುದು ಬೇಡ.

"ಯಾರಾದರೂ ಏನಾದರೂ ಹೇಳಿ" ಅಂದರೆ ಎಲ್ಲರೂ ಸುಮ್ಮನೆ ಕೂರುತ್ತಾರೆ. ಏನು ಮಾಡಲಿ?

ನನಗೆ ಅತಿ ಹೆಚ್ಚು ಬರುವ ಪ್ರಶ್ನೆ ಇದು. ಸ್ವಲ್ಪ ವಿವರವಾಗಿ ಹೇಳುತ್ತೇನೆ, ಯಾಕೆಂದರೆ ಇಲ್ಲಿ ನಾನೇ ದೊಡ್ಡ ತಪ್ಪು ಮಾಡಿದ್ದೇನೆ.

ಹಿಂದೆ ಒಂದು ಕಡೆ ಕೆಲಸ ಮಾಡುತ್ತಿದ್ದಾಗ, ಕಳಿಸಿದ ಸಾಮಾನು ಒಡೆದು ವಾಪಸ್ ಬರುವುದು ಜಾಸ್ತಿ ಆಗಿತ್ತು. ಮೂರು ವಾರ ಅದೇ ವಿಷಯಕ್ಕೆ ಮೀಟಿಂಗ್ ಮಾಡಿದೆವು. ಸಾಗಿಸುವವರ ತಪ್ಪು ಅಂತ ಒಬ್ಬರು, ಡಬ್ಬದ ಗುಣಮಟ್ಟ ಅಂತ ಇನ್ನೊಬ್ಬರು. ನಾನು ಪ್ರತಿ ಸಲವೂ ಮೊದಲೇ ನನ್ನ ಅಭಿಪ್ರಾಯ ಹೇಳುತ್ತಿದ್ದೆ, ಆಮೇಲೆ "ಏನಂತೀರಿ?" ಅನ್ನುತ್ತಿದ್ದೆ. ಎಲ್ಲರೂ ತಲೆಯಾಡಿಸುತ್ತಿದ್ದರು. ಪ್ಯಾಕಿಂಗ್ ಟೇಬಲ್‌ನಲ್ಲಿ ಕೆಲಸ ಮಾಡುವ ಹುಡುಗಿ ಮೂಲೆಯ ಕುರ್ಚಿಯಲ್ಲಿ ಕೂತಿರುತ್ತಿದ್ದಳು. ಮೂರನೇ ವಾರ ಮೀಟಿಂಗ್ ಮುಗಿದು ಎಲ್ಲರೂ ಎದ್ದ ಮೇಲೆ, ಕುರ್ಚಿ ಒಳಗೆ ತಳ್ಳುತ್ತಾ ಮೆಲ್ಲಗೆ ಹೇಳಿದಳು: "ಸರ್, ಟೇಪ್ ಬದಲಾಗಿದೆ. ಹೊಸ ಟೇಪ್ ಬಿಸಿಲಿಗೆ ಬಿಟ್ಟುಕೊಳ್ಳುತ್ತೆ. ಡಬ್ಬದ ತಳ ತೆರೆದುಕೊಳ್ಳುತ್ತೆ." ಮೊದಲ ವಾರದಿಂದಲೂ ಅವಳಿಗೆ ಗೊತ್ತಿತ್ತು. ಯಾಕೆ ಹೇಳಲಿಲ್ಲ ಅಂತ ಕೇಳಿದೆ. "ನೀವು ಆಗಲೇ ಡಬ್ಬದ್ದೇ ಸಮಸ್ಯೆ ಅಂದಿದ್ರಲ್ಲ" ಅಂದಳು. ಆ ಮಾತು ನನಗೆ ಇವತ್ತಿಗೂ ಚುಚ್ಚುತ್ತದೆ.

ಇದು ನನ್ನೊಬ್ಬನ ಅನುಭವ ಅಲ್ಲ. 1985ರಲ್ಲಿ ಗ್ಯಾರಲ್ಡ್ ಸ್ಟಾಸರ್ ಮತ್ತು ವಿಲಿಯಂ ಟೈಟಸ್ ಎಂಬ ಮನಶ್ಶಾಸ್ತ್ರಜ್ಞರು ಗುಂಪುಗಳ ಚರ್ಚೆಯನ್ನು ಗಮನಿಸಿದರು. ಎಲ್ಲರಿಗೂ ಮೊದಲೇ ಗೊತ್ತಿರುವ ಸಂಗತಿಗಳ ಸುತ್ತಲೇ ಮಾತು ಸುತ್ತುತ್ತಿತ್ತು. ಒಬ್ಬರಿಗೆ ಮಾತ್ರ ಗೊತ್ತಿದ್ದದ್ದು ಹೊರಗೆ ಬರುವುದೇ ಕಷ್ಟವಾಗಿತ್ತು. ಅದಕ್ಕೂ ಮೊದಲು, 1950ರ ದಶಕದಲ್ಲಿ ಸಾಲೊಮನ್ ಆಶ್ ಜನರಿಗೆ ಗೆರೆಗಳನ್ನು ತೋರಿಸಿ ಯಾವುದು ಯಾವುದಕ್ಕೆ ಸಮ ಅಂತ ಕೇಳಿದ್ದ. ಸುತ್ತ ಕೂತವರೆಲ್ಲ ಬೇಕೆಂದೇ ತಪ್ಪು ಉತ್ತರ ಹೇಳಿದಾಗ, ಕಣ್ಣೆದುರಿನ ಗೆರೆಯನ್ನೂ ಬಿಟ್ಟು ಬಹಳ ಜನ ಗುಂಪಿನ ಉತ್ತರಕ್ಕೇ ಸೇರಿಕೊಂಡರು. ಆದರೆ ಗುಂಪಿನಲ್ಲಿ ಒಬ್ಬರೇ ಒಬ್ಬರು ಸರಿಯಾದ ಉತ್ತರ ಹೇಳಿದರೂ ಸಾಕಿತ್ತು, ಹೀಗೆ ಸೇರಿಕೊಳ್ಳುವುದು ತುಂಬಾ ಕಡಿಮೆ ಆಗುತ್ತಿತ್ತು.

ಆವತ್ತಿನಿಂದ ನಾನು ಮಾಡುವುದು ಇಷ್ಟು. ಪ್ರಶ್ನೆ ಹೇಳಿದ ಮೇಲೆ ಮೂರು ನಿಮಿಷ ಯಾರೂ ಮಾತಾಡುವ ಹಾಗಿಲ್ಲ, ಎಲ್ಲರೂ ಚೀಟಿಯಲ್ಲಿ ಬರೆಯಬೇಕು. ಆಮೇಲೆ ಒಬ್ಬೊಬ್ಬರಾಗಿ ಓದಬೇಕು. ಹೊಸಬರು ಮೊದಲು, ಹಿರಿಯರು ಆಮೇಲೆ, ನಾನು ಕಟ್ಟಕಡೆಗೆ. ಬರೆದದ್ದನ್ನು ಓದಲು ಅಷ್ಟು ಧೈರ್ಯ ಬೇಕಾಗುವುದಿಲ್ಲ, ಮಾತು ಆಗಲೇ ಕೈಯಲ್ಲಿ ಇರುತ್ತದೆ.

"ಯಾರಾದರೂ" ಅಂತ ಕೇಳಬೇಡಿ. ಅವರವರ ಕೆಲಸಕ್ಕೆ ತಗಲುವಂತೆ ಹೆಸರು ಹಿಡಿದು ಕೇಳಿ: "ಪ್ಯಾಕಿಂಗ್ ನೀವೇ ನೋಡ್ತೀರಲ್ಲ, ಈಚೆಗೆ ಅಲ್ಲಿ ಏನಾದರೂ ಬದಲಾಗಿದೆಯಾ?" ಕೇಳಿದ ಮೇಲೆ ಸುಮ್ಮನಿರಿ. ಮನಸ್ಸಿನಲ್ಲೇ ಹತ್ತರವರೆಗೆ ಎಣಿಸಿ. ನಾಲ್ಕಕ್ಕೇ ನೀವು ಬಾಯಿ ಹಾಕಿದರೆ ಅವರ ಮಾತು ಗಂಟಲಲ್ಲೇ ಉಳಿಯುತ್ತದೆ.

ಇನ್ನು, ಯಾರಾದರೂ ಕಹಿ ಸತ್ಯ ಹೇಳಿದರೆ ಮೊದಲ ಮಾತು "ಹೇಳಿದ್ದು ಒಳ್ಳೆಯದಾಯ್ತು" ಅಂತಲೇ ಇರಲಿ. ಒಬ್ಬರಿಗೆ ನೀವು ಮುಖ ಗಂಟಿಕ್ಕಿದ್ದನ್ನು ಹತ್ತು ಜನ ನೋಡಿರುತ್ತಾರೆ.

ಒಬ್ಬರೇ ಎಲ್ಲ ಮಾತು ಆಡುತ್ತಾರೆ. ತಡೆಯುವುದು ಹೇಗೆ?

ಎಲ್ಲರ ಮುಂದೆ ಅವಮಾನ ಮಾಡಬೇಡಿ. ಅವರು ಹೇಳಿದ್ದನ್ನು ಒಂದೇ ಸಾಲಿನಲ್ಲಿ ಬೋರ್ಡ್ ಮೇಲೆ ಬರೆದು, "ನಿಮ್ಮ ಪಾಯಿಂಟ್ ಇದು ತಾನೇ?" ಅಂತ ಕೇಳಿ. ಹೌದು ಅನ್ನುತ್ತಾರೆ. "ಸರಿ, ಬರೆದಾಯ್ತು. ಈಗ ಉಳಿದವರದ್ದು ಕೇಳೋಣ." ಹೇಳಿದ್ದೇ ಹೇಳುವವರಲ್ಲಿ ಅರ್ಧಕ್ಕರ್ಧ ಜನ, ತಮ್ಮ ಮಾತು ಯಾರಿಗೂ ತಲುಪಿಲ್ಲ ಅನ್ನಿಸುವುದರಿಂದಲೇ ಹಾಗೆ ಮಾಡುತ್ತಾರೆ. ಅದನ್ನು ಬೋರ್ಡ್ ಮೇಲೆ ಕಂಡರೆ ಸಮಾಧಾನ ಆಗುತ್ತದೆ.

ಆದರೂ ನಿಲ್ಲದಿದ್ದರೆ ಮೀಟಿಂಗ್ ಹೊರಗೆ, ಒಬ್ಬರನ್ನೇ ಕರೆದು ಮಾತಾಡಿ. ನೇರವಾಗಿ ಹೇಳಿ, ಮೆತ್ತಗೆ ಹೇಳಿ.

ಹೊಸ ಐಡಿಯಾ ಬೇಕಾದಾಗ ಎಲ್ಲರೂ ಕೂತು ಬ್ರೈನ್‌ಸ್ಟಾರ್ಮಿಂಗ್ ಮಾಡುವುದು ಒಳ್ಳೆಯದಲ್ವಾ?

ಎಲ್ಲರೂ ಹಾಗೇ ಅಂದುಕೊಂಡಿದ್ದೇವೆ. ಒಟ್ಟಿಗೆ ಕೂತು ತೋಚಿದ ಐಡಿಯಾಗಳನ್ನೆಲ್ಲ ಹೇಳುತ್ತಾ ಹೋಗುವ ಈ ವಿಧಾನವನ್ನು ಜಾಹೀರಾತು ಕ್ಷೇತ್ರದ ಅಲೆಕ್ಸ್ ಆಸ್ಬಾರ್ನ್ ಜನಪ್ರಿಯ ಮಾಡಿದ. 1958ರಲ್ಲಿ ಯೇಲ್ ವಿಶ್ವವಿದ್ಯಾಲಯದ ಸಂಶೋಧಕರು ಅದನ್ನು ಪರೀಕ್ಷಿಸಿದರು. ನಾಲ್ಕು ಜನ ಒಟ್ಟಿಗೆ ಕೂತು ಯೋಚಿಸಿದ್ದಕ್ಕಿಂತ, ನಾಲ್ಕು ಜನ ಬೇರೆ ಬೇರೆ ಕೂತು ಯೋಚಿಸಿ ಆಮೇಲೆ ಪಟ್ಟಿ ಸೇರಿಸಿದಾಗ ಐಡಿಯಾಗಳು ಜಾಸ್ತಿ ಬಂದವು. ಕಾರಣ ಊಹಿಸಬಹುದು. ಒಬ್ಬರು ಮಾತಾಡುವಾಗ ಉಳಿದವರು ಕಾಯಬೇಕು, ಕಾಯುವಷ್ಟರಲ್ಲಿ ಹೊಳೆದದ್ದು ಮರೆತುಹೋಗುತ್ತದೆ, ಇಲ್ಲ ಹೇಳಲು ನಾಚಿಕೆ ಆಗುತ್ತದೆ.

ಹಾಗಾಗಿ ಐಡಿಯಾಗಳನ್ನು ಒಬ್ಬೊಬ್ಬರೇ ಬರೆದುಕೊಂಡು ಬರಲಿ. ಅದರಲ್ಲಿ ಯಾವುದು ಒಳ್ಳೆಯದು, ಯಾವುದನ್ನು ಯಾವುದಕ್ಕೆ ಸೇರಿಸಬಹುದು ಅಂತ ನೋಡಲು ಮೀಟಿಂಗ್ ಇರಲಿ.

ಎಲ್ಲರೂ ಹೂಂ ಅನ್ನುತ್ತಾರೆ, ಆಮೇಲೆ ಕೆಲಸ ಕೆಡುತ್ತದೆ. ಅಪಾಯವನ್ನು ಮೊದಲೇ ಹೊರಗೆ ತರುವುದು ಹೇಗೆ?

"ಏನಾದರೂ ತೊಂದರೆ ಆಗಬಹುದಾ?" ಅಂತ ಕೇಳಿದರೆ ಯಾರೂ ಅಪಶಕುನ ನುಡಿಯಲು ಮುಂದೆ ಬರುವುದಿಲ್ಲ. ಪ್ರಶ್ನೆಯನ್ನೇ ತಿರುಗಿಸಿ ಕೇಳಿ: "ಈಗ ಆರು ತಿಂಗಳು ಕಳೆದಿದೆ ಅಂದುಕೊಳ್ಳಿ. ಈ ಯೋಜನೆ ಪೂರ್ತಿ ಮುಗ್ಗರಿಸಿದೆ. ಯಾಕೆ ಹೀಗಾಯ್ತು ಅಂತ ಎರಡು ಕಾರಣ ಬರೆಯಿರಿ." ಮನಶ್ಶಾಸ್ತ್ರಜ್ಞ ಗ್ಯಾರಿ ಕ್ಲೈನ್ ಈ ವಿಧಾನಕ್ಕೆ ಪ್ರೀಮಾರ್ಟಮ್ ಎಂಬ ಹೆಸರು ಕೊಟ್ಟ. ಈಗ ತಪ್ಪು ಹುಡುಕುವುದೇ ಕೊಟ್ಟ ಕೆಲಸ. ಹಾಗಾಗಿ ಹುಡುಕಿದವರು ಕೆಟ್ಟವರಾಗುವುದಿಲ್ಲ. ಮೊದಲ ಸಲ ಮಾಡಿಸಿದಾಗ ಬರುವ ಚೀಟಿಗಳನ್ನು ಜೋಪಾನವಾಗಿ ಇಟ್ಟುಕೊಳ್ಳಿ. ಅವುಗಳಲ್ಲಿ ಒಂದಾದರೂ ನಿಮ್ಮ ನಿದ್ದೆ ಕೆಡಿಸುವಂಥದ್ದು ಇರುತ್ತದೆ, ಅದನ್ನು ಈಗಲೇ ಸರಿ ಮಾಡಬಹುದು.

ಮಾತು ಹಳಿ ತಪ್ಪಿದರೆ?

ಬೋರ್ಡ್‌ನ ಒಂದು ಮೂಲೆಯಲ್ಲಿ "ಆಮೇಲೆ" ಅಂತ ಬರೆದು ಕೆಳಗೆ ಜಾಗ ಬಿಡಿ. ಅಡ್ಡ ವಿಷಯ ಬಂದಾಗ ಅಲ್ಲಿ ಬರೆಯಿರಿ, ಹೇಳಿದವರ ಹೆಸರು ಸಮೇತ. ಮೀಟಿಂಗ್ ಕೊನೆಯಲ್ಲಿ ಆ ಪಟ್ಟಿ ಓದಿ, ಯಾವುದನ್ನು ಎಲ್ಲಿ ಮಾತಾಡುತ್ತೀರಿ ಅಂತ ಹೇಳಿ. ಓದದೆ ಅಳಿಸಿಬಿಟ್ಟರೆ ಮುಂದಿನ ಸಲ ಆ ಮೂಲೆಯನ್ನು ಯಾರೂ ನಂಬುವುದಿಲ್ಲ.

ಎರಡನೇ ಮಹಾಯುದ್ಧದ ಕಾಲದ ಒಂದು ಸಂಗತಿ ಇದೆ. 1944ರಲ್ಲಿ ಅಮೆರಿಕದ ಅಂದಿನ ಗುಪ್ತಚರ ಸಂಸ್ಥೆ ಒಎಸ್‌ಎಸ್, ಶತ್ರುಗಳ ಕಚೇರಿ ಮತ್ತು ಕಾರ್ಖಾನೆಗಳನ್ನು ಒಳಗಿನಿಂದಲೇ ಹಾಳು ಮಾಡುವುದು ಹೇಗೆ ಅಂತ ಒಂದು ಕೈಪಿಡಿ ಸಿದ್ಧ ಮಾಡಿತ್ತು. ಅದರಲ್ಲಿ ಮೀಟಿಂಗ್‌ಗಳ ಬಗ್ಗೆಯೂ ಸಲಹೆಗಳಿವೆ. ಎಲ್ಲವನ್ನೂ ಸಮಿತಿಗೆ ಒಪ್ಪಿಸಿ, ಸಮಿತಿಯನ್ನು ಆದಷ್ಟು ದೊಡ್ಡದು ಮಾಡಿ, ಸಂಬಂಧವಿಲ್ಲದ ವಿಷಯ ಎತ್ತಿ, ಪದಪದಕ್ಕೂ ಜಗ್ಗಾಡಿ, ಹಿಂದಿನ ಸಭೆಯಲ್ಲಿ ತೀರ್ಮಾನ ಆದದ್ದನ್ನು ಮತ್ತೆ ಕೆದಕಿ. ಶತ್ರುವಿನ ಕೆಲಸ ಕೆಡಿಸಲು ಬರೆದ ಪಟ್ಟಿ ಅದು. ಒಂದು ಸಲ ನಮ್ಮ ಮೀಟಿಂಗ್‌ಗೆ ಹೋಲಿಸಿ ನೋಡಿದೆ, ಐದರಲ್ಲಿ ಮೂರು ನಮ್ಮಲ್ಲೇ ಇದ್ದವು. ಆವತ್ತಿಂದ ಒಂದು ನಿಯಮ ಮಾಡಿಕೊಂಡೆ: ಹೊಸ ಮಾಹಿತಿ ಇಲ್ಲದೆ ಹಳೆಯ ತೀರ್ಮಾನವನ್ನು ಮತ್ತೆ ತೆರೆಯುವ ಹಾಗಿಲ್ಲ.

ಎಲ್ಲರೂ ಒಪ್ಪಲೇಬೇಕಾ?

ಇಲ್ಲ. ಎಲ್ಲರ ಮಾತನ್ನೂ ಕೇಳಬೇಕು, ಎಲ್ಲರೂ ಒಪ್ಪಬೇಕು ಅಂತಿಲ್ಲ. ತೀರ್ಮಾನ ಯಾರದ್ದು ಅಂತ ಮೊದಲೇ ಹೇಳಿ. ಒಪ್ಪದವರನ್ನು ಕೇಳಿ: "ಇದು ನಿಮಗೆ ಇಷ್ಟ ಇಲ್ಲ, ಗೊತ್ತು. ಆದರೂ ಇದರ ಜೊತೆ ಕೆಲಸ ಮಾಡಬಲ್ಲಿರಾ? ಇಲ್ಲ ಅಂದರೆ ಏನು ಬದಲಾಗಬೇಕು?" ಅವರ ವಿರೋಧವನ್ನು ಮಿನಿಟ್ಸ್‌ನಲ್ಲಿ, ಅಂದರೆ ಮೀಟಿಂಗ್‌ನ ಲಿಖಿತ ದಾಖಲೆಯಲ್ಲಿ, ಒಂದು ಸಾಲು ಬರೆಯಿರಿ. ಗೌರವದಿಂದ ಬರೆದರೆ ಅಷ್ಟೇ ಸಾಕಾಗುತ್ತದೆ.

ಮೀಟಿಂಗ್‌ನಲ್ಲಿ ಜಗಳ ಆದರೆ?

ಕೆಲಸದ ಬಗ್ಗೆ ಜಗಳ ಆದರೆ ನಡೆಯಲಿ ಬಿಡಿ, ಅದು ಆರೋಗ್ಯವೇ. ಮನುಷ್ಯರ ಬಗ್ಗೆ ತಿರುಗಿದ ಕ್ಷಣ ನಿಲ್ಲಿಸಿ. "ನಿಮ್ಮ ಲೆಕ್ಕ ತಪ್ಪು" ಅನ್ನುವುದು ಮೊದಲನೆಯದು, "ನಿಮಗೆ ಲೆಕ್ಕವೇ ಬರಲ್ಲ" ಅನ್ನುವುದು ಎರಡನೆಯದು. ಐದು ನಿಮಿಷ ಬಿಡುವು ಕೊಡಿ. ಯಾರದ್ದಾದರೂ ತಪ್ಪು ಹೇಳಬೇಕಿದ್ದರೆ ಅದು ಬಾಗಿಲು ಮುಚ್ಚಿದ ಕೋಣೆಯಲ್ಲಿ, ಅವರೊಬ್ಬರ ಮುಂದೆ ಮಾತ್ರ. ಹತ್ತು ಜನರ ಎದುರು ಬೈಸಿಕೊಂಡವರು ಆ ದಿನವನ್ನು ಮರೆಯುವುದಿಲ್ಲ.

ಸ್ಲೈಡ್ ಹಾಕಬೇಕಾ?

ಚಿತ್ರ, ನಕ್ಷೆ ತೋರಿಸಲು ಬೇಕು. ಬರೆದದ್ದನ್ನೇ ಓದಿ ಹೇಳಲು ಬೇಡ. ಅಮೆಜಾನ್‌ನಲ್ಲಿ ಜೆಫ್ ಬೆಜೋಸ್ 2004ರಲ್ಲಿ ಹಿರಿಯರ ಮೀಟಿಂಗ್‌ಗಳಿಂದ ಪವರ್‌ಪಾಯಿಂಟ್ ತೆಗೆದುಹಾಕಿದರು. ಅದರ ಜಾಗಕ್ಕೆ ಪೂರ್ಣ ವಾಕ್ಯಗಳಲ್ಲಿ ಬರೆದ ಟಿಪ್ಪಣಿ ಬಂತು, ಹೆಚ್ಚೆಂದರೆ ಆರು ಪುಟ. ಮೀಟಿಂಗ್ ಶುರುವಾದಾಗ ಎಲ್ಲರೂ ಮೌನವಾಗಿ ಅದನ್ನು ಓದುತ್ತಾರೆ, ಆಮೇಲೆ ಮಾತು. ಚಿಕ್ಕ ತಂಡಕ್ಕೆ ಆರು ಪುಟ ಜಾಸ್ತಿ ಆಯಿತು. ಒಂದು ಪುಟ ಬರೆದು, ಐದು ನಿಮಿಷ ಓದಲು ಕೊಡಿ. ಓದಿಕೊಂಡು ಬಂದವರು, ಬರದವರು ಅನ್ನುವ ಭೇದ ಅಲ್ಲಿಗೆ ಮುಗಿಯುತ್ತದೆ.

ತಡವಾಗಿ ಬರುವವರಿಗೆ ಕಾಯಬೇಕಾ?

ಬೇಡ. ಕಾದರೆ ಸಮಯಕ್ಕೆ ಬಂದವರಿಗೆ ಶಿಕ್ಷೆ ಕೊಟ್ಟಂತೆ. ತಡವಾಗಿ ಬಂದವರಿಗೆ ಮೊದಲಿನಿಂದ ಎಲ್ಲ ಹೇಳುವುದೂ ಬೇಡ.

ಫೋನ್, ಲ್ಯಾಪ್‌ಟಾಪ್?

ಮೀಟಿಂಗ್ ಚಿಕ್ಕದಾಗಿ, ತಮಗೆ ಬೇಕಾದ ವಿಷಯವೇ ನಡೆಯುತ್ತಿದ್ದರೆ ಜನ ತಾವೇ ಫೋನ್ ಕೆಳಗಿಡುತ್ತಾರೆ. ಎಲ್ಲರೂ ಫೋನ್ ನೋಡುತ್ತಿದ್ದರೆ ನಿಮ್ಮ ಅಜೆಂಡಾ ಮೇಲೆ ಮೊದಲು ಅನುಮಾನ ಪಡಿ.

ಕೆಲವರು ಆಫೀಸಿನಲ್ಲಿ, ಕೆಲವರು ಆನ್‌ಲೈನ್. ಹೇಗೆ ನಡೆಸುವುದು?

ದೂರದಲ್ಲಿ ಇರುವವರಿಗೆ ಮೊದಲ ಮಾತು ಕೊಡಿ. ಕೋಣೆಯಲ್ಲಿ ಇರುವವರು ಕಣ್ಣಲ್ಲೇ "ನಾನು ಹೇಳಲಾ" ಅಂತ ಕೇಳಬಹುದು, ತೆರೆಯ ಮೇಲೆ ಇರುವವರಿಗೆ ಆ ಅವಕಾಶ ಇಲ್ಲ. ಅವರು ಮ್ಯೂಟ್ ತೆಗೆಯುವಷ್ಟರಲ್ಲಿ ವಿಷಯ ಮುಂದೆ ಹೋಗಿರುತ್ತದೆ. ಬೋರ್ಡ್ ಮೇಲೆ ಬರೆಯುವ ಬದಲು ಎಲ್ಲರಿಗೂ ಕಾಣುವ ಆನ್‌ಲೈನ್ ಹಾಳೆಯಲ್ಲಿ ಬರೆಯಿರಿ. ಕೋಣೆಯ ಮೂಲೆಯಲ್ಲಿ ಇಬ್ಬರು ಪಿಸುಗುಟ್ಟಿದರೆ ಅದನ್ನು ಎಲ್ಲರಿಗೂ ಕೇಳುವಂತೆ ಹೇಳಲು ಹೇಳಿ. ಚಾಟ್ ನೋಡಲು ಒಬ್ಬರನ್ನು ನೇಮಿಸಿ, ಮೀಟಿಂಗ್ ನಡೆಸುವವರೇ ಅದನ್ನೂ ನೋಡುತ್ತೇನೆ ಅಂದರೆ ಎರಡೂ ಕೆಡುತ್ತದೆ.

ಮಿನಿಟ್ಸ್ ಎಷ್ಟು ವಿವರವಾಗಿ ಬರೆಯಬೇಕು?

ಒಪ್ಪದವರ ಆ ಒಂದು ಸಾಲು ಬಿಟ್ಟರೆ, ಯಾರು ಏನಂದರು ಅನ್ನುವುದು ಬೇಡ. ಏನು ತೀರ್ಮಾನ, ಯಾಕೆ, ಯಾರು ಮಾಡುತ್ತಾರೆ, ಯಾವತ್ತಿನೊಳಗೆ. ಇಷ್ಟು ಅರ್ಧ ಪುಟದಲ್ಲಿ ಹಿಡಿಯುತ್ತದೆ. ಕಾನೂನಿನ ಪ್ರಕಾರ ದಾಖಲೆ ಇಡಬೇಕಾದ ಸಭೆಗಳ ಮಾತು ಬೇರೆ.

ಎರಡು ಸಾಲು ಪಕ್ಕಪಕ್ಕ ಇಟ್ಟು ನೋಡಿ.

"ಟೇಪ್ ಬಗ್ಗೆ ಚರ್ಚಿಸಲಾಯಿತು. ಸೂಕ್ತ ಕ್ರಮ ಕೈಗೊಳ್ಳಲು ನಿರ್ಧರಿಸಲಾಯಿತು."

"ಹಳೆಯ ಟೇಪ್‌ಗೆ ವಾಪಸ್ ಹೋಗುತ್ತೇವೆ. ಕಾರಣ: ಹೊಸದು ಬಿಸಿಲಿಗೆ ಬಿಟ್ಟುಕೊಳ್ಳುತ್ತಿದೆ. ಸ್ಟೋರ್ಸ್‌ನವರು ಗುರುವಾರದೊಳಗೆ ಆರ್ಡರ್ ಹಾಕುತ್ತಾರೆ. ಅಲ್ಲಿಯವರೆಗೆ ಪ್ಯಾಕಿಂಗ್‌ನವರು ತಳಕ್ಕೆ ಎರಡು ಸುತ್ತು ಹಾಕುತ್ತಾರೆ."

ಮೊದಲನೆಯದರಲ್ಲಿ ಕೆಲಸ ಯಾರದ್ದೂ ಅಲ್ಲ. "ಎಲ್ಲರೂ ಸೇರಿ ಮಾಡೋಣ" ಅಂದರೆ ಅದು ಆಗುವುದಿಲ್ಲ ಅಂತಲೇ ಅರ್ಥ. ಒಂದು ಕೆಲಸಕ್ಕೆ ಒಂದೇ ಹೆಸರು. ಸಹಾಯಕ್ಕೆ ಎಷ್ಟು ಜನ ಬೇಕಾದರೂ ಇರಲಿ.

ಕೊನೆಯ ಐದು ನಿಮಿಷ ಇದಕ್ಕೇ ಮೀಸಲಿಡಿ. ಬರೆದದ್ದನ್ನು ಎಲ್ಲರ ಮುಂದೆ ಗಟ್ಟಿಯಾಗಿ ಓದಿ. "ಗುರುವಾರ ಆಗಲ್ಲ, ಶುಕ್ರವಾರ" ಅಂತ ಆಗಲೇ ಹೇಳಲಿ. ಅದೇ ದಿನ ಎಲ್ಲರಿಗೂ ಕಳಿಸಿ. ಮುಂದಿನ ಮೀಟಿಂಗ್ ಶುರುವಾಗುವುದು ಈ ಪಟ್ಟಿಯಿಂದ: ಆಯ್ತು, ಇಲ್ಲ, ಇಲ್ಲ ಅಂದರೆ ಎಲ್ಲಿ ಸಿಕ್ಕಿಕೊಂಡಿದೆ.

ಪ್ರತಿ ವಾರದ ಮೀಟಿಂಗ್ ಕಾಟಾಚಾರಕ್ಕೆ ನಡೆಯುತ್ತಿದೆ. ನಿಲ್ಲಿಸಬಹುದಾ?

ಒಂದು ತಿಂಗಳು ನಿಲ್ಲಿಸಿ ನೋಡಿ. ಯಾವ ಕೆಲಸ ನಿಂತಿತು, ಯಾರು ಏನನ್ನು ಹುಡುಕಿಕೊಂಡು ನಿಮ್ಮ ಹತ್ತಿರ ಬಂದರು ಅಂತ ಬರೆದಿಟ್ಟುಕೊಳ್ಳಿ. ತಿಂಗಳ ಕೊನೆಗೆ ಆ ಪಟ್ಟಿಯಲ್ಲಿ ಇರುವುದಕ್ಕೆ ಮಾತ್ರ ಮೀಟಿಂಗ್ ಇಟ್ಟುಕೊಳ್ಳಿ. ನಾನು ಹೀಗೆ ಮಾಡಿದಾಗ ಒಂದು ಗಂಟೆಯದ್ದು ಇಪ್ಪತ್ತೈದು ನಿಮಿಷಕ್ಕೆ ಬಂತು. ಒಂದು ಮಾತು ಮಾತ್ರ ಹೇಳಬೇಕು: ಜನ ಒಬ್ಬರ ಮುಖ ಒಬ್ಬರು ನೋಡಲು ಸಿಗುವ ಸಮಯ ಅದೊಂದೇ ಆಗಿದ್ದರೆ ಪೂರ್ತಿ ತೆಗೆಯಬೇಡಿ. ಅದೂ ಒಂದು ಅಗತ್ಯವೇ. ಆದರೆ ಅದಕ್ಕೆ ಮೀಟಿಂಗ್ ಅನ್ನುವ ವೇಷ ಯಾಕೆ? ಕೂತು ಹರಟೆ ಹೊಡೆಯಲು ಅಂತಲೇ ಅರ್ಧ ಗಂಟೆ ಕೊಡಿ.

ನಾನು ಬಾಸ್ ಅಲ್ಲ. ಕೆಟ್ಟ ಮೀಟಿಂಗ್‌ನಲ್ಲಿ ಕೂರುವವನು. ನನ್ನಿಂದ ಏನಾಗುತ್ತದೆ?

ನೀವು ಅಂದುಕೊಂಡಿದ್ದಕ್ಕಿಂತ ಜಾಸ್ತಿ ಆಗುತ್ತದೆ. ಮೀಟಿಂಗ್‌ಗೆ ಕರೆ ಬಂದಾಗ ಕೇಳಿ: "ನಾನು ಏನು ತಯಾರಿ ಮಾಡಿಕೊಂಡು ಬರಲಿ? ಯಾವ ವಿಷಯ ತೀರ್ಮಾನ ಆಗಬೇಕು?" ದೂರಿನ ಹಾಗೆ ಅಲ್ಲ, ನಿಜವಾಗಿ ತಯಾರಾಗಲು ಕೇಳಿ. ಕರೆದವರಿಗೂ ಆಗ ತಮ್ಮ ಪ್ರಶ್ನೆ ಏನು ಅಂತ ಯೋಚಿಸಬೇಕಾಗುತ್ತದೆ.

ಎರಡನೆಯದು, ಮಿನಿಟ್ಸ್ ಬರೆಯುವ ಕೆಲಸವನ್ನು ಕೇಳಿ ಪಡೆಯಿರಿ. ಯಾರಿಗೂ ಅದು ಬೇಡ, ಹಾಗಾಗಿ ಸಂತೋಷದಿಂದ ಕೊಡುತ್ತಾರೆ. ಪೆನ್ನು ಕೈಯಲ್ಲಿ ಇದ್ದರೆ ಕೇಳುವ ಹಕ್ಕು ಬರುತ್ತದೆ. "ಸರಿ, ನೋಡೋಣ" ಅಂತ ಎಲ್ಲರೂ ಎದ್ದೇಳಲು ಹೊರಟಾಗ, "ಒಂದು ನಿಮಿಷ, ಬರೆದುಕೊಳ್ಳಬೇಕು. ಇದನ್ನು ಯಾರು ಮಾಡ್ತಾರೆ, ಯಾವತ್ತಿನೊಳಗೆ?" ಅಂತ ಕೇಳಿ.

ನಮ್ಮ ತಂಡಕ್ಕೆ ಹೊಸದಾಗಿ ಸೇರಿದ್ದ ಒಬ್ಬ ಹುಡುಗ ಹೀಗೇ ಮಾಡಿದ. ಮೊದಲ ಸಲ ಎಲ್ಲರೂ ಎದ್ದವರು ಹಾಗೇ ನಿಂತು ಅವನ ಮುಖ ನೋಡಿದರು. ಎರಡನೇ ಸಲ ಒಬ್ಬರು ಹೆಸರು ಹೇಳಿದರು. ನಾಲ್ಕನೇ ವಾರ ಅವನು ರಜೆಯಲ್ಲಿದ್ದ. ಮೀಟಿಂಗ್ ಮುಗಿಯುವ ಹೊತ್ತಿಗೆ, ತಂಡದಲ್ಲಿ ಎಲ್ಲರಿಗಿಂತ ಹಿರಿಯರು ಅವನ ಖಾಲಿ ಕುರ್ಚಿ ಕಡೆ ನೋಡಿ, "ಇವತ್ತು ಕೇಳೋರು ಯಾರೂ ಇಲ್ವಾ? ಸರಿ, ನಾನೇ ಕೇಳ್ತೀನಿ" ಅಂತ ಪೆನ್ನು ತೆಗೆದರು.